ಮೊದಲ ಸಲ ಚೀಫ್ ಸೈಂಟಿಸ್ಟ್ ಆಗಿ ಹೊರಟಿದ್ದೇನೆ. ಪ್ಲಾನ್ ನೋಡಿ, ತಪ್ಪಿದ್ದರೆ ಹೇಳಿ

ಉಪ್ಪುಗಾಳಿ

ಎಲ್ಲರಿಗೂ ನಮಸ್ಕಾರ. ನನ್ನ ಪಿಎಚ್‌ಡಿ ಮುಗಿದು ಮೂರು ವರ್ಷ ಆಯಿತು. ಇದುವರೆಗೆ ಸಮುದ್ರ ಸಂಶೋಧನೆಯ ಐದು ಕ್ರೂಸ್‌ಗೆ ಹೋಗಿದ್ದೇನೆ, ಐದರಲ್ಲೂ ಬಾಟಲಿಯಿಂದ ನೀರು ಹಿಡಿಯುವ ಕೆಲಸವೇ. ಈಗ ಒಂದು ತರಬೇತಿ ಕ್ರೂಸ್‌ಗೆ ನನ್ನನ್ನೇ ಚೀಫ್ ಸೈಂಟಿಸ್ಟ್ ಮಾಡಿದ್ದಾರೆ. ಅನುಭವಿ ಮಾರ್ಗದರ್ಶಕರೊಬ್ಬರು ಜೊತೆಗೆ ಬರುತ್ತಾರೆ. ಆದರೆ ತೀರ್ಮಾನವೆಲ್ಲ ನಿನ್ನದೇ ಎಂದು ಮೊದಲೇ ಹೇಳಿಬಿಟ್ಟಿದ್ದಾರೆ.

ಲೆಕ್ಕ ಹೀಗಿದೆ. ಒಟ್ಟು 11 ದಿನ, ಅಂದರೆ 264 ಗಂಟೆ. ಬಂದರಿನಿಂದ ಹೋಗಿ ಬರುವುದಕ್ಕೆ 80 ಗಂಟೆ ಬೇಕು. ಉಳಿಯುವುದು 184. ಒಂದೇ ಸಾಲಿನಲ್ಲಿ 16 ಸ್ಟೇಷನ್ (ಹಡಗು ನಿಲ್ಲಿಸಿ ಅಳೆಯುವ ಜಾಗ), ಒಂದರಿಂದ ಇನ್ನೊಂದಕ್ಕೆ 40 ನಾಟಿಕಲ್ ಮೈಲಿ. 10 ನಾಟ್ ವೇಗದಲ್ಲಿ ಹೋದರೆ 4 ಗಂಟೆ, ಹದಿನೈದು ಓಟಕ್ಕೆ 60. ಪ್ರತಿ ಸ್ಟೇಷನ್‌ನಲ್ಲಿ ಸಿಟಿಡಿಗೆ 3 ಗಂಟೆ, ಪ್ಲಾಂಕ್ಟನ್ ಬಲೆಗೆ ಒಂದೂವರೆ ಗಂಟೆ, ಒಟ್ಟು 72. ನಾಲ್ಕು ಕಡೆ ಆಳಕ್ಕೆ ಪಂಪ್ ಇಳಿಸಬೇಕು, ತಲಾ 6 ಗಂಟೆ. ಹೋದ ವರ್ಷ ಬಿಟ್ಟು ಬಂದ ಮೂರಿಂಗ್ ಒಂದನ್ನು (ತಳಕ್ಕೆ ಭಾರ ಕಟ್ಟಿ ನಿಲ್ಲಿಸಿದ ಉಪಕರಣಗಳ ಸರ) ಎತ್ತಬೇಕು, 8 ಗಂಟೆ. ಎಲ್ಲ ಕೂಡಿದರೆ 164. ಕೈಯಲ್ಲಿ ಇನ್ನೂ 20 ಗಂಟೆ ಮಿಗುತ್ತದೆ. ಸಾಕಲ್ವಾ?

ಹಳೆಲಂಗರು

ಸಾಲದು.

ನಿಮ್ಮ ಕೂಡಿಕೆಯಲ್ಲಿ ತಪ್ಪಿಲ್ಲ. ಆದರೆ ಅದು ಸಮುದ್ರ ಸುಮ್ಮನಿದ್ದಾಗಿನ ಲೆಕ್ಕ. ಮೂರಿಂಗ್ ವಿಷಯವನ್ನೇ ತೆಗೆದುಕೊಳ್ಳಿ. ಕೆಳಗಿರುವ ರಿಲೀಸ್‌ಗೆ ಶಬ್ದದ ಸಂಕೇತ ಕಳಿಸುತ್ತೀರಿ, ಅದು ಭಾರವನ್ನು ಬಿಡುತ್ತದೆ, ತೇಲುಬುರುಡೆಗಳು ಮೇಲೆ ಬರುತ್ತವೆ. ಬಂದ ಮೇಲೆ ಅವನ್ನು ಕಣ್ಣಿನಿಂದ ಹುಡುಕಬೇಕು. ಹಾಗಾಗಿ ಹಗಲೇ ಆಗಬೇಕು. ನೀವು ಆ ಜಾಗಕ್ಕೆ ರಾತ್ರಿ ಎಂಟಕ್ಕೆ ತಲುಪಿದರೆ ಬೆಳಗಾಗುವವರೆಗೆ ಹತ್ತು ಗಂಟೆ ಕಾಯಬೇಕು. ನಿಮ್ಮ 20ರಲ್ಲಿ ಅರ್ಧ ಅಲ್ಲೇ ಹೋಯಿತು. ಇನ್ನು ಗಾಳಿ ಬಂದರೆ? ವಿಂಚ್ ಕೆಟ್ಟರೆ? ಆಳದಲ್ಲಿ ಬಾಟಲಿಗಳು ಮುಚ್ಚಿಕೊಳ್ಳದೆ ಸಿಟಿಡಿಯನ್ನು ಮತ್ತೊಮ್ಮೆ ಇಳಿಸಬೇಕಾಗಿ ಬಂದರೆ?

ಇನ್ನೊಂದು ವಿಷಯ. ಸಮಯ ಕಮ್ಮಿ ಬಿದ್ದಾಗ ಹೊಸಬರು ಮಧ್ಯದ ಸ್ಟೇಷನ್ ಬಿಡುತ್ತಾರೆ. ಮಧ್ಯದ್ದನ್ನು ಬಿಟ್ಟರೆ ಅಲ್ಲಿನ ಕೆಲಸದ ಸಮಯ ಮಾತ್ರ ಉಳಿಯುತ್ತದೆ, ಏಕೆಂದರೆ ಹಡಗು ಹೇಗಿದ್ದರೂ ಅದನ್ನು ದಾಟಿಯೇ ಹೋಗಬೇಕು. ಸಾಲಿನ ತುದಿಯದನ್ನು ಬಿಟ್ಟರೆ ಕೆಲಸದ ಸಮಯವೂ ಉಳಿಯುತ್ತದೆ, ಓಟದ ಸಮಯವೂ ಉಳಿಯುತ್ತದೆ. ನಿಮ್ಮ ಲೆಕ್ಕದಲ್ಲೇ ಮಧ್ಯದ ಒಂದು ಸ್ಟೇಷನ್‌ಗೆ ನಾಲ್ಕೂವರೆ ಗಂಟೆ, ತುದಿಯದಕ್ಕೆ ಎಂಟೂವರೆ. ಅದಕ್ಕೇ ಯಾವ ತುದಿಯಿಂದ ಶುರು ಮಾಡುತ್ತೀರಿ ಅನ್ನುವುದು ದೊಡ್ಡ ತೀರ್ಮಾನ. ಬಿಡಲು ಆಗದ ಸ್ಟೇಷನ್‌ಗಳನ್ನು ಕೊನೆಗೆ ಇಡಬೇಡಿ.

ಸುಮ್ನೆಓದುಗ

ನಾನು ಈ ಕ್ಷೇತ್ರದವನಲ್ಲ, ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮೆ ಇರಲಿ. ಹಡಗಿಗೆ ಕ್ಯಾಪ್ಟನ್ ಇರುತ್ತಾರಲ್ಲ? ಮತ್ತೆ ಚೀಫ್ ಸೈಂಟಿಸ್ಟ್ ಏನು ಮಾಡುತ್ತಾರೆ? ಸಿಟಿಡಿ ಅಂದರೆ ಏನು?

ವಿಂಚ್‌ಮನೆ

ನಾನು ಹಡಗಿನ ಟೆಕ್ನಿಷಿಯನ್, ನಾನು ಹೇಳುತ್ತೇನೆ. ಹಡಗು ಮತ್ತು ಜನರ ಸುರಕ್ಷತೆಯಲ್ಲಿ ಕ್ಯಾಪ್ಟನ್ ಮಾತೇ ಕೊನೆ. ಅದರಲ್ಲಿ ಚೌಕಾಸಿ ಇಲ್ಲ. ಎಲ್ಲಿಗೆ ಹೋಗಬೇಕು, ಏನು ಇಳಿಸಬೇಕು, ಯಾವುದು ಮೊದಲು, ಯಾವುದನ್ನು ಬಿಡಬೇಕು ಅನ್ನುವುದು ಚೀಫ್ ಸೈಂಟಿಸ್ಟ್ ಪಾಲಿಗೆ. ವಿಜ್ಞಾನಿಗಳ ಜಗಳ, ಬಂಕ್ ಹಂಚಿಕೆ, ನೀರಿನ ಹಂಚಿಕೆ, ಕೊನೆಗೆ ಕ್ರೂಸ್ ರಿಪೋರ್ಟ್, ಎಲ್ಲವೂ ಅವರ ತಲೆಗೇ.

ಸಿಟಿಡಿ ಅಂದರೆ ನೀರಿನ ಉಪ್ಪು, ಬಿಸಿ ಮತ್ತು ಆಳ ಅಳೆಯುವ ಉಪಕರಣ. ಉಪ್ಪನ್ನು ನೇರವಾಗಿ ಅಳೆಯುವುದಿಲ್ಲ, ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಎಂದು ನೋಡಿ ಲೆಕ್ಕ ಹಾಕುತ್ತದೆ. ಸುತ್ತ ಒಂದು ಚೌಕಟ್ಟು, ಅದರಲ್ಲಿ ಸಾಮಾನ್ಯವಾಗಿ 12 ಅಥವಾ 24 ನಿಸ್ಕಿನ್ ಬಾಟಲಿ. ಬಾಯಿ ತೆರೆದುಕೊಂಡೇ ಕೆಳಗಿಳಿಯುತ್ತವೆ. ಮೇಲೆ ಬರುವಾಗ ಬೇಕಾದ ಆಳದಲ್ಲಿ ಒಂದೊಂದನ್ನೇ ಮುಚ್ಚಿಸುತ್ತೇವೆ. ನಿಮಿಷಕ್ಕೆ 60 ಮೀಟರ್ ಲೆಕ್ಕದಲ್ಲಿ 3500 ಮೀಟರ್ ಇಳಿಯುವುದಕ್ಕೇ ಸುಮಾರು ಒಂದು ಗಂಟೆ, ಹತ್ತುವುದಕ್ಕೆ ಇನ್ನೊಂದು. ಮಧ್ಯೆ ನಿಲ್ಲಿಸುವುದು, ಡೆಕ್ ಮೇಲೆ ಕಟ್ಟುವುದು ಸೇರಿದರೆ ಮೂರು ಗಂಟೆ. ಉಪ್ಪುಗಾಳಿ ಮೇಡಂ ಹಾಕಿರುವ ಲೆಕ್ಕ ಇದೇ.

ಮೇಡಂ, ನನ್ನದೊಂದು ಮಾತು. ಡೆಕ್ ಕೆಲಸಗಾರರ ಮುಖ್ಯಸ್ಥ ಬೋಸನ್ ಜೊತೆ ಮೊದಲ ದಿನವೇ ಮಾತಾಡಿ. ಡೆಕ್ ಕೆಲಸಗಾರರು ಯಾರು, ಅವರ ವಿಶ್ರಾಂತಿ ಹೊತ್ತು ಯಾವುದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ವಿಜ್ಞಾನಿಗಳು ಪಾಳಿ ಬದಲಿಸಿಕೊಂಡು ಇಪ್ಪತ್ತನಾಲ್ಕು ಗಂಟೆ ಕೆಲಸ ಮಾಡುತ್ತೀರಿ. ಮೂರಿಂಗ್ ಎತ್ತುವ ದಿನ ಡೆಕ್ ಮೇಲೆ ಎಲ್ಲರೂ ಬೇಕು. ಹಿಂದಿನ ರಾತ್ರಿ ಅವರನ್ನೇ ಬಲೆ ಇಳಿಸಲು ಎಬ್ಬಿಸಿದ್ದರೆ ಬೆಳಗ್ಗೆ ಕ್ಯಾಪ್ಟನ್ ಆಗದು ಎನ್ನುತ್ತಾರೆ. ಅನ್ನಲೇಬೇಕು.

ರಾತ್ರಿಪಾಳಿ

ನಾನು ಪಿಎಚ್‌ಡಿ ವಿದ್ಯಾರ್ಥಿ. ಆ ಕಡೆಯಿಂದಲೂ ಒಂದು ಮಾತು ಹೇಳಲೇ? ನಾನು ಹೋದ ಒಂದು ಕ್ರೂಸ್‌ನಲ್ಲಿ ಗಾಳಿ ಬಂದು ಎರಡು ಸ್ಟೇಷನ್ ಬಿಟ್ಟರು. ಎರಡೂ ನನ್ನ ಥೀಸಿಸ್‌ಗೆ ಬೇಕಾದವು. ಬಿಟ್ಟದ್ದು ತಪ್ಪು ಅನ್ನುತ್ತಿಲ್ಲ. ಆದರೆ ನನಗೆ ಗೊತ್ತಾದದ್ದು ಲ್ಯಾಬ್ ಗೋಡೆಗೆ ಅಂಟಿಸಿದ ಹೊಸ ವೇಳಾಪಟ್ಟಿ ನೋಡಿ. ನನ್ನ ಹಿಂದೆ ನಿಂತು ಹಲ್ಲುಜ್ಜುತ್ತಿದ್ದ ಇನ್ನೊಬ್ಬ ವಿದ್ಯಾರ್ಥಿ "ಓ, ನಿನ್ನದು ಹೋಯ್ತಾ" ಅಂದ. ಆ ಚೀಫ್ ಸೈಂಟಿಸ್ಟ್ ಒಳ್ಳೆಯವರೇ. ಆದರೂ ಆ ಬೆಳಗ್ಗೆ ನನಗೆ ಮರೆತಿಲ್ಲ.

ಉಪ್ಪುಗಾಳಿ

ಅಯ್ಯೋ. ಇದನ್ನು ನಾನು ಮಾಡುವುದಿಲ್ಲ, ಮಾತು ಕೊಡುತ್ತೇನೆ.

ಹಳೆಲಂಗರು ಅವರೇ, ತುದಿಯ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ನನ್ನ ಮುಖ್ಯ ಸ್ಟೇಷನ್‌ಗಳು 1ರಿಂದ 6. ಅಲ್ಲಿಂದಲೇ ಶುರು ಮಾಡುತ್ತೇನೆ. ಮೂರಿಂಗ್ 9ರ ಹತ್ತಿರ ಇದೆ. ಅಲ್ಲಿಗೆ ಮಧ್ಯಾಹ್ನ ತಲುಪುವ ಹಾಗೆ ಹೊಂದಿಸಿದ್ದೇನೆ.

ನೀರಳತೆ

ಸ್ವಲ್ಪ ಕಹಿ ಮಾತು ಹೇಳುತ್ತೇನೆ, ಬೇಜಾರು ಬೇಡ. ಈ ತರಬೇತಿ ಕ್ರೂಸ್‌ಗಳಲ್ಲಿ ನನಗೆ ನಂಬಿಕೆ ಕಮ್ಮಿ. ಹಿಂದೆ ಒಬ್ಬರು ಹಿರಿಯರು ಇರುತ್ತಾರೆ. ತಪ್ಪಾದರೆ ಹಿಡಿಯುತ್ತಾರೆ. ನಿಜವಾದ ಜವಾಬ್ದಾರಿ ಬರುವುದು ಗ್ರಾಂಟ್ ನಿಮ್ಮದಾದಾಗ, ನಿಮ್ಮ ವಿದ್ಯಾರ್ಥಿಗಳ ಥೀಸಿಸ್ ಆ ನೀರಿನ ಮೇಲೆ ನಿಂತಾಗ. ನಾವೆಲ್ಲ ಹಾಗೇ ಕಲಿತದ್ದು.

ಹಳೆಲಂಗರು

ನಾವೆಲ್ಲ ಹಾಗೇ ಕಲಿತೆವು, ನಿಜ. ಕಲಿಯುವಾಗ ಯಾರ ಡೇಟಾ ಹಾಳಾಯಿತು ಅನ್ನುವುದನ್ನೂ ಹೇಳಿ. ನನ್ನ ಮೊದಲ ಕ್ರೂಸ್‌ನಲ್ಲಿ ಎರಡು ಪಾಳಿಯವರು ಎರಡು ಗಡಿಯಾರ ನೋಡಿ ಲಾಗ್ ಬರೆದರು. ಒಬ್ಬರದು ಹಡಗಿನ ಸಮಯ, ಇನ್ನೊಬ್ಬರದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ. ಎಲ್ಲ ಯುಟಿಸಿಯಲ್ಲೇ ಇರಲಿ ಎಂದು ಮೊದಲ ದಿನ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ, ಅದು ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡೆ. ಅದರ ಮೇಲೆ ಮಧ್ಯದಲ್ಲಿ ಹಡಗಿನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಸರಿಸಿದರು. ದಡಕ್ಕೆ ಬಂದ ಮೇಲೆ ಯಾವ ಮಾದರಿ ಯಾವ ಹೊತ್ತಿನದು ಎಂದು ಬಿಡಿಸಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ನನ್ನದಲ್ಲ, ಒಬ್ಬ ವಿದ್ಯಾರ್ಥಿಯದು. ನೀರಿಗೆ ತಳ್ಳಿ ಈಜು ಕಲಿಸುವವರು ಮುಳುಗಿದವರ ಲೆಕ್ಕ ಇಡುವುದಿಲ್ಲ.

ಈಗ ಅದಕ್ಕೆಂದೇ ದಾರಿಗಳಿವೆ. ಅಮೆರಿಕದ ವಿಶ್ವವಿದ್ಯಾಲಯಗಳ ಸಂಶೋಧನಾ ಹಡಗುಗಳನ್ನು ಹೊಂದಿಸುವ ಯುನೋಲ್ಸ್ ಒಕ್ಕೂಟ ಹೊಸ ಚೀಫ್ ಸೈಂಟಿಸ್ಟ್‌ಗಳಿಗೆಂದೇ ಕ್ರೂಸ್ ನಡೆಸಿದೆ. ಹಡಗಿಗೆ ಅರ್ಜಿ ಹಾಕುವುದರಿಂದ ಹಿಡಿದು ರಿಪೋರ್ಟ್‌ವರೆಗೆ ಕಲಿಸುತ್ತಾರೆ. ದಕ್ಷಿಣ ಆಫ್ರಿಕಾದ ಸೀಮೆಸ್ಟರ್ ತರಬೇತಿ ಎಸ್‌ಎ ಅಗುಲ್ಹಾಸ್ 2 ಹಡಗಿನಲ್ಲಿ, ಆಸ್ಟ್ರೇಲಿಯಾದ ಕ್ಯಾಪ್‌ಸ್ಟಾನ್ ಇನ್ವೆಸ್ಟಿಗೇಟರ್ ಹಡಗಿನಲ್ಲಿ ನಡೆಯುತ್ತವೆ. ಆದರೆ ಅವೆರಡೂ ಮುಖ್ಯವಾಗಿ ವಿದ್ಯಾರ್ಥಿಗಳಿಗೆ ಕಡಲ ಕೆಲಸ ಕಲಿಸಲು. ಕೆಲಸ ಮಾಡುವುದು ಬೇರೆ, ನಡೆಸುವುದು ಬೇರೆ.

ಕೆಸರುಕೊಳವೆ

ಭೂವಿಜ್ಞಾನದ ಕಡೆಯಿಂದ ಒಂದು ಮಾದರಿ. ಜಾಯ್ಡೀಸ್ ರೆಸಲ್ಯೂಷನ್ ಎಂಬ ಕೊರೆಯುವ ಹಡಗು 2024ರವರೆಗೆ ಕೆಲಸ ಮಾಡಿತು. ಅದರ ಯಾನಗಳು ಸಾಮಾನ್ಯವಾಗಿ ಎರಡು ತಿಂಗಳು. ಅಲ್ಲಿ ಒಬ್ಬರಲ್ಲ, ಇಬ್ಬರು ಕೋ ಚೀಫ್‌ಗಳು. ವಿಜ್ಞಾನಿಗಳಿಗೆ 12 ಗಂಟೆಯ ಪಾಳಿ. ಇಬ್ಬರಿದ್ದರೆ ಒಬ್ಬರಿಗೆ ನಿದ್ದೆಯಾದರೂ ಸಿಗುತ್ತದೆ. ಒಬ್ಬರು ಹಳಬರು, ಒಬ್ಬರು ಹೊಸಬರು ಎಂದು ಜೋಡಿ ಮಾಡಿದರೆ ಅದೇ ತರಬೇತಿ ಅಲ್ವಾ?

ನೀರಳತೆ

ಜೋಡಿ ಮಾಡಿದರೆ ಎಲ್ಲರೂ ಹಳಬರ ಬಾಗಿಲನ್ನೇ ತಟ್ಟುತ್ತಾರೆ. ನೋಡಿದ್ದೇನೆ.

ವಿಂಚ್‌ಮನೆ

ಅದು ನಿಜ. ರಾತ್ರಿ ಎರಡಕ್ಕೆ ಸಿಟಿಡಿ ಸಿಗ್ನಲ್ ಹೋದಾಗ ನನಗೂ ಕಾಲು ಮೊದಲು ಹಳಬರ ಕ್ಯಾಬಿನ್ ಕಡೆಗೇ ಹೋಗುತ್ತದೆ. ಒಳ್ಳೆಯ ಮಾರ್ಗದರ್ಶಕರು ಬಾಗಿಲು ತೆರೆದು "ಚೀಫ್‌ನ ಕೇಳಿದಿರಾ?" ಎಂದು ಕೇಳಿ ಮತ್ತೆ ಮಲಗುತ್ತಾರೆ.

ಆದರೆ ತರಬೇತಿ ಸುಳ್ಳು ಅನ್ನುವುದನ್ನು ಒಪ್ಪುವುದಿಲ್ಲ ಸರ್. 3500 ಮೀಟರ್ ವೈರ್ ನೀರಿನಲ್ಲಿದ್ದಾಗ ಅದು ತರಬೇತಿಯ ವೈರ್ ಅಲ್ಲ. ಜಗ್ಗಿದರೆ ತುಂಡಾಗುತ್ತದೆ.

ಉಪ್ಪುಗಾಳಿ

ಒಂದು ಪ್ರಶ್ನೆ. ಮೊದಲು ಆರು ಜನ ತರಬೇತಿಯವರು ದಿನಕ್ಕೊಬ್ಬರಂತೆ ಸರದಿಯಲ್ಲಿ ಚೀಫ್ ಆಗುವುದು ಎಂದಿತ್ತು. ಆಮೇಲೆ ಬದಲಿಸಿ ಒಬ್ಬರೇ ಇಡೀ ಕ್ರೂಸ್‌ಗೆ, ಉಳಿದವರು ಪಾಳಿ ಮುಖ್ಯಸ್ಥರು ಎಂದು ಮಾಡಿದರು. ಉಳಿದ ಐದು ಜನರಿಗೆ ಅನ್ಯಾಯ ಅಲ್ವಾ ಎಂದು ನನಗೆ ಒಳಗೊಳಗೇ ಕೊರೆಯುತ್ತಿದೆ.

ಹಳೆಲಂಗರು

ಅನ್ಯಾಯ ಹೌದು. ಆದರೂ ಬದಲಿಸಿದ್ದೇ ಸರಿ. ಸರದಿಯಲ್ಲಿ ದಿನಕ್ಕೊಬ್ಬರು ಚೀಫ್ ಆದರೆ ಯಾರಿಗೂ ತಮ್ಮ ತೀರ್ಮಾನದ ಫಲ ಉಣ್ಣುವುದು ಇರುವುದಿಲ್ಲ. ಮೂರನೇ ದಿನ "ಇರಲಿ, ಇನ್ನೊಂದು ಸಲ ಸಿಟಿಡಿ ಇಳಿಸಿಬಿಡಿ" ಎಂದು ಉದಾರವಾಗಿ ಹೇಳುತ್ತೀರಿ. ಆ ಮೂರು ಗಂಟೆಯ ಸಾಲ ತೀರುವುದು ಎಂಟನೇ ದಿನ. ಆಗ ಚೀಫ್ ಬೇರೆಯವರು. ಅವರು ನಿಮ್ಮನ್ನು ಬೈಯುತ್ತಾರೆ, ನೀವು ಹವೆಯನ್ನು ಬೈಯುತ್ತೀರಿ. ಕಲಿತವರು ಯಾರೂ ಇಲ್ಲ. ಮೂರನೇ ದಿನದ ನೀವು ಎಂಟನೇ ದಿನದ ನಿಮಗೆ ಉತ್ತರ ಕೊಡಬೇಕು. ಅಷ್ಟು ದಿನ ಕೊಡದ ತರಬೇತಿ ಬರೀ ಪ್ರವಾಸ.

ಉಳಿದವರಿಗೆ ನಿಜವಾದ ಅಧಿಕಾರ ಬಿಟ್ಟುಕೊಡಿ. ನೀವು ಮಲಗಿದ್ದಾಗ ಯಾವುದಕ್ಕೆ ಎಬ್ಬಿಸಬೇಕು, ಯಾವುದನ್ನು ಅವರೇ ತೀರ್ಮಾನಿಸಬೇಕು ಎಂದು ಬರೆದು ಹಡಗು ನಡೆಸುವ ಕೋಣೆಯಾದ ಬ್ರಿಜ್‌ನಲ್ಲೂ ಲ್ಯಾಬ್‌ನಲ್ಲೂ ಅಂಟಿಸಿ. ನೀವು ಮಾತ್ರ ಯಾವ ಪಾಳಿಗೂ ಸೇರಬೇಡಿ.

ನಕ್ಷೆಗಾರ್ತಿ

ಯಾರೂ ಎತ್ತದ ವಿಷಯ. ಹಡಗಿನಲ್ಲಿ ಯಾರಾದರೂ ಯಾರಿಗಾದರೂ ಕಿರುಕುಳ ಕೊಟ್ಟರೆ? ದಡದಲ್ಲಿ ಬಾಗಿಲು ತೆಗೆದು ಮನೆಗೆ ಹೋಗಬಹುದು. ಅಲ್ಲಿ ಹತ್ತು ದಿನ ಅದೇ ಮುಖ, ಅದೇ ಊಟದ ಮೇಜು. ಯಾರಿಗೆ ಹೇಳಬೇಕು, ಕ್ಯಾಪ್ಟನ್‌ಗೆ ಯಾವಾಗ ತಿಳಿಸಬೇಕು, ದಡದಲ್ಲಿ ಯಾರ ನಂಬರ್ ಎಂದು ಹೊರಡುವ ಮೊದಲೇ ಎಲ್ಲರ ಮುಂದೆ ಹೇಳಿ. ಚೀಫ್ ಮೇಲೆಯೇ ದೂರು ಇದ್ದರೆ ಚೀಫ್‌ನನ್ನು ದಾಟಿ ಹೋಗುವ ದಾರಿಯೂ ಇರಬೇಕು. ಅದನ್ನು ಚೀಫ್ ಬಾಯಲ್ಲೇ ಕೇಳಿದರೆ ಜನ ನಂಬುತ್ತಾರೆ.

ನಾನು ಕಡಲತಳದ ನಕ್ಷೆ ಮಾಡುವವಳು. ಅಟ್ಲಾಂಟಿಕ್ ತಳದ ನಕ್ಷೆ ಬಿಡಿಸಿ ಅಲ್ಲಿನ ಬಿರುಕು ಕಣಿವೆಯನ್ನು ಗುರುತಿಸಿದ ಮೇರಿ ಥಾರ್ಪ್ ಅವರಿಗೆ 1960ರ ದಶಕದವರೆಗೆ ಸಂಶೋಧನಾ ಹಡಗು ಹತ್ತಲು ಬಿಟ್ಟಿರಲಿಲ್ಲ, ಹೆಣ್ಣು ಎಂಬ ಕಾರಣಕ್ಕೆ. ಬೇರೆಯವರು ತಂದುಕೊಟ್ಟ ಆಳದ ಅಳತೆ ಇಟ್ಟುಕೊಂಡು ದಡದಲ್ಲೇ ಕೂತು ಬಿಡಿಸಿದರು. ಈಗ ಹತ್ತಲು ಬಿಡುತ್ತಾರೆ. ಹತ್ತಿದವರು ಮತ್ತೊಮ್ಮೆ ಬರಬೇಕು ಅನ್ನಿಸಬೇಕಲ್ಲ.

ಕೆಸರುಕೊಳವೆ

ಅನುಮತಿ ವಿಷಯವನ್ನೂ ಸೇರಿಸಿ. ನಿಮ್ಮ ಸಾಲು ಯಾವುದಾದರೂ ಬೇರೆ ದೇಶದ ಕರಾವಳಿಯಿಂದ 200 ನಾಟಿಕಲ್ ಮೈಲಿಯ ಒಳಗೆ ಹೋಗುತ್ತದೆಯಾ? 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ಅಲ್ಲಿ ಸಂಶೋಧನೆಗೆ ಆ ದೇಶದ ಒಪ್ಪಿಗೆ ಬೇಕು. ಕನಿಷ್ಠ ಆರು ತಿಂಗಳು ಮೊದಲೇ ವಿವರ ಕೊಡಬೇಕು, ಅವರ ವಿಜ್ಞಾನಿಗೆ ಜೊತೆಗೆ ಬರುವ ಹಕ್ಕೂ ಇದೆ. ಗಾಳಿ ತಪ್ಪಿಸಿಕೊಳ್ಳಲು ಸ್ಟೇಷನ್ ಆ ಕಡೆ ಸರಿಸೋಣ ಎಂದು ಸುಲಭವಾಗಿ ಅನ್ನಿಸುತ್ತದೆ. ಗೆರೆ ದಾಟಿ ಒಂದು ಬಾಟಲಿ ನೀರು ಹಿಡಿದರೂ ತೊಂದರೆ. ಗೆರೆಯನ್ನು ನಿಮ್ಮ ನಕ್ಷೆಯಲ್ಲೇ ಕೆಂಪಗೆ ಎಳೆದಿಡಿ.

ನೀರಳತೆ

ಸರಿ, ನಾನೂ ಒಂದು ಉಪಯೋಗದ ಮಾತು ಹೇಳುತ್ತೇನೆ. ನೀರಿನ ಹಂಚಿಕೆಯನ್ನು ದಡದಲ್ಲೇ ಮುಗಿಸಿ. 10 ಲೀಟರ್ ಬಾಟಲಿ 24 ಇದ್ದರೆ 240 ಲೀಟರ್, ಬಹಳ ಇದೆ ಅನ್ನಿಸುತ್ತದೆ. ಒಂದೇ ಆಳದಿಂದ ಒಬ್ಬರಿಗೆ 8 ಲೀಟರ್, ಇನ್ನೊಬ್ಬರಿಗೆ 4 ಬೇಕು ಅಂದರೆ ಅಲ್ಲೇ ಒಡೆಯಿತು. ಯಾರು ಮೊದಲು ಹಿಡಿಯಬೇಕು ಅನ್ನುವುದರಲ್ಲಿ ದಾಕ್ಷಿಣ್ಯ ಬೇಡ. ಕರಗಿದ ಅನಿಲದವರು ಮೊದಲು: ಸಿಎಫ್‌ಸಿ ಇದ್ದರೆ ಅದು, ಆಮೇಲೆ ಆಕ್ಸಿಜನ್, ಆಮೇಲೆ ಕಾರ್ಬನ್. ಪೋಷಕಾಂಶ, ಉಪ್ಪು ಕೊನೆಗೆ. ಬಾಟಲಿ ತೆರೆದ ಕ್ಷಣದಿಂದ ಗಾಳಿ ಒಳಗೆ ಹೋಗುತ್ತದೆ. ಪ್ರೊಫೆಸರ್ ಆದರೂ ಸಾಲಿನಲ್ಲಿ ನಿಲ್ಲಲಿ.

ಅಂದ ಹಾಗೆ ಬ್ರಿಟನ್ನಿನ ಚಾಲೆಂಜರ್ ಹಡಗಿನ ಸಮುದ್ರ ಸಂಶೋಧನಾ ಯಾನ 1872ರ ಡಿಸೆಂಬರ್‌ನಿಂದ 1876ರ ಮೇವರೆಗೆ. ಅರ್ಧ ದಾರಿಯಲ್ಲಿ ಕ್ಯಾಪ್ಟನ್ನೇ ಬದಲಾದರು, ವಿಜ್ಞಾನದ ಮುಖ್ಯಸ್ಥ ವೈವಿಲ್ ಥಾಮ್ಸನ್ ಮಾತ್ರ ಕೊನೆವರೆಗೂ ಇದ್ದರು. ಅವರಿಗೆ ರಿಪೋರ್ಟ್ ಮುಗಿಸಲು ಆಗಲಿಲ್ಲ. 1882ರಲ್ಲಿ ತೀರಿಕೊಂಡರು. ಜಾನ್ ಮರ್ರೆ ಮುಂದುವರಿಸಿದರು. 50 ಸಂಪುಟ, ಮುಗಿದದ್ದು 1895ರಲ್ಲಿ. ನಿಮ್ಮದು ಬೇಗ ಮುಗಿಯಲಿ.

ಉಪ್ಪುಗಾಳಿ

ನಾಳೆ ಹೊರಡುತ್ತೇವೆ. ಬಂದು ಬರೆಯುತ್ತೇನೆ.

ಉಪ್ಪುಗಾಳಿ

ಬಂದೆವು. ಎಲ್ಲರೂ ಕ್ಷೇಮ. ಬಂದು ನಾಲ್ಕು ದಿನವಾದರೂ ನೆಲ ಇನ್ನೂ ತೂಗುತ್ತಿದೆ.

7ನೇ ಸ್ಟೇಷನ್ ಮುಗಿಸಿ ಹೊರಡುವಾಗ ಗಾಳಿ ಎದ್ದಿತು. ಮುನ್ಸೂಚನೆಯಲ್ಲಿ ಇತ್ತು, ಆದರೆ ಉತ್ತರಕ್ಕೆ ಸರಿಯುತ್ತದೆ ಎಂದಿತ್ತು. ಸರಿಯಲಿಲ್ಲ. 8ಕ್ಕೆ ತಲುಪಿದಾಗ ಕ್ಯಾಪ್ಟನ್ "ನಿಮಗೆ ಏನು ಬೇಕು ಹೇಳಿ, ಆಗುತ್ತದೋ ಇಲ್ಲವೋ ನಾನು ಹೇಳುತ್ತೇನೆ" ಎಂದರು. ನಾನು ಕಾಯೋಣ ಎಂದೆ. ಕಾದೆವು. ಹೊಸ ಮುನ್ಸೂಚನೆ ಬಂದಾಗಲೆಲ್ಲ ಇನ್ನು ಮೂರು ಗಂಟೆ ನೋಡೋಣ ಎಂದೆ. ಒಟ್ಟು 26 ಗಂಟೆ ಹೋಯಿತು. ಮೊದಲ ಒಂಬತ್ತು ಗಂಟೆ ನಾನು ಏನೂ ತೀರ್ಮಾನ ಮಾಡಲಿಲ್ಲ. ಬ್ರಿಜ್‌ನಲ್ಲಿ ನಿಂತು ಅಲೆ ನೋಡುತ್ತಿದ್ದೆ, ನೋಡಿದರೆ ಕಮ್ಮಿ ಆಗುತ್ತದೆ ಅನ್ನುವ ಹಾಗೆ.

ಮಾರ್ಗದರ್ಶಕರು ಬಂದು ಪಕ್ಕದಲ್ಲಿ ನಿಂತರು. ಬುದ್ಧಿ ಹೇಳಲಿಲ್ಲ. "ಗಾಳಿ ಈಗಲೇ ನಿಂತರೆ ಮೊದಲು ಎಲ್ಲಿಗೆ?" ಎಂದಷ್ಟೇ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ನಾನು ಗಾಳಿ ನಿಲ್ಲುವುದನ್ನು ಕಾಯುತ್ತಿದ್ದೆ, ನಿಂತ ಮೇಲೆ ಏನು ಎಂದು ಯೋಚಿಸಿಯೇ ಇರಲಿಲ್ಲ. ಕೆಳಗೆ ಹೋಗಿ ಪಾಳಿ ಮುಖ್ಯಸ್ಥರನ್ನು ಕೂರಿಸಿಕೊಂಡು ಮೂರು ಪಟ್ಟಿ ಮಾಡಿದೆ: ಆರು ಗಂಟೆಯಲ್ಲಿ ನಿಂತರೆ, ಹನ್ನೆರಡರಲ್ಲಿ, ಇಪ್ಪತ್ತನಾಲ್ಕರಲ್ಲಿ. ಅದಾದ ಮೇಲೆ ಎರಡು ಗಂಟೆ ನಿದ್ದೆ ಬಂತು.

ಮೂರಿಂಗ್ ಜಾಗಕ್ಕೆ ತಲುಪಿದಾಗ ಸಂಜೆಯಾಗಿತ್ತು, ಹಳೆಲಂಗರು ಅವರು ಹೇಳಿದ ಹಾಗೆಯೇ. ಪುಣ್ಯಕ್ಕೆ ಪಂಪ್ ಇಳಿಸುವ ನಾಲ್ಕರಲ್ಲಿ 9 ಕೂಡ ಒಂದು. ಡೆಕ್‌ನಲ್ಲಿ ಕಮ್ಮಿ ಜನ ಸಾಕಾಗುವ ಸಿಟಿಡಿ, ಪಂಪ್ ಎರಡನ್ನೂ ರಾತ್ರಿ ಮುಗಿಸಿದೆವು. ವಿಂಚ್‌ಮನೆ ಸರ್, ಬೋಸನ್ ಕಡೆಯವರನ್ನು ಮಲಗಲು ಬಿಟ್ಟೆ. ಬೆಳಗ್ಗೆ ರಿಲೀಸ್ ಮೊದಲ ಸಂಕೇತಕ್ಕೇ ಉತ್ತರ ಕೊಟ್ಟಿತು. ಕಿತ್ತಳೆ ಬಣ್ಣದ ಬುರುಡೆಗಳು ಮೇಲೆ ಬಂದಾಗ ಎಲ್ಲರೂ ಕೂಗಿದರು. ನಾನು ಕೂಗಲಿಲ್ಲ, ಗಡಿಯಾರ ನೋಡುತ್ತಿದ್ದೆ. ಆ ಕ್ಷಣದಲ್ಲೂ ಗಡಿಯಾರ ನೋಡಿದೆನಲ್ಲ ಎಂದು ಆಮೇಲೆ ಬೇಜಾರಾಯಿತು.

14, 15, 16 ಬಿಟ್ಟೆ. ತುದಿಯವು, ಆದ್ದರಿಂದ ಇಪ್ಪತ್ತೈದೂವರೆ ಗಂಟೆ ಉಳಿಯಿತು. ವಿಜ್ಞಾನದ ಲೆಕ್ಕದಲ್ಲಿ ಸರಿಯಾದ ತೀರ್ಮಾನ, ಇವತ್ತಿಗೂ ಅದನ್ನೇ ಮಾಡುತ್ತೇನೆ.

ಈಗ ಹೇಳಬೇಕಾದದ್ದು ರಾತ್ರಿಪಾಳಿ ಅವರಿಗೆ. ಆ ಮೂರು ಸ್ಟೇಷನ್‌ನ ಬಲೆಗಳು ಒಬ್ಬ ವಿದ್ಯಾರ್ಥಿನಿಗೆ ಬೇಕಾಗಿದ್ದವು. ಅವಳು ಮಲಗಿದ್ದಳು. ಎಬ್ಬಿಸುವುದು ಬೇಡ, ಎದ್ದ ಮೇಲೆ ಹೇಳೋಣ ಅಂದುಕೊಂಡೆ. ಬ್ರಿಜ್‌ಗೆ ಹೊಸ ಪಟ್ಟಿ ಬೇಕಿತ್ತು, ಪ್ರಿಂಟ್ ತೆಗೆದೆ, ಲ್ಯಾಬ್ ಗೋಡೆಗೂ ಒಂದು ಅಂಟಿಸಿದೆ. ಅಷ್ಟರಲ್ಲಿ ಯಾರೋ ಕರೆದರು, ಹೋದೆ. ಬಂದಾಗ ಅವಳು ಗೋಡೆಯ ಮುಂದೆ ನಿಂತಿದ್ದಳು.

ಇಲ್ಲಿ ಮಾತು ಕೊಟ್ಟಿದ್ದೆ ಎಂದು ಆಗ ನೆನಪಾಯಿತು.

ರಾತ್ರಿಪಾಳಿ

ಮೇಡಂ, ಆಮೇಲೆ ಮಾತಾಡಿದಿರಾ?

ಉಪ್ಪುಗಾಳಿ

ಮಾತಾಡಿದೆ. ಕ್ಷಮೆ ಕೇಳಿದೆ. ಅವಳು "ಪರವಾಗಿಲ್ಲ" ಎಂದಳು, ಪರವಾಗಿಲ್ಲ ಅನ್ನುವ ಹಾಗಿರಲಿಲ್ಲ ದನಿ. ಉಳಿದ ಸ್ಟೇಷನ್‌ಗಳ ಬಲೆಗಳಲ್ಲಿ ಆಳಗಳನ್ನು ಬದಲಿಸಿಕೊಂಡರೆ ಸ್ವಲ್ಪ ಸಹಾಯ ಆಗುತ್ತದೆ ಎಂದು ಮರುದಿನ ಅವಳೇ ಬಂದು ಕೇಳಿದಳು. ಹೂಂ ಎಂದೆ. ಬಲೆಗೆ ತಲಾ ಇಪ್ಪತ್ತು ನಿಮಿಷ ಜಾಸ್ತಿ ಹಿಡಿಯಿತು, ಕೊಟ್ಟೆ.

ನೀರಳತೆ

ಒಂಬತ್ತು ಗಂಟೆ ಅಲೆ ನೋಡಿದ್ದನ್ನು ಒಪ್ಪಿಕೊಂಡಿರಲ್ಲ. ನನ್ನ ಮೊದಲ ಸಲ ನಾನು ಹದಿನಾಲ್ಕು ನೋಡಿದ್ದೆ. ಯಾರಿಗೂ ಹೇಳಿರಲಿಲ್ಲ. ಪಕ್ಕದಲ್ಲಿ ಬಂದು ನಿಂತು ಕೇಳುವವರೂ ಇರಲಿಲ್ಲ.

ವಿಂಚ್‌ಮನೆ

ಲಾಗ್ ಎಲ್ಲ ಯುಟಿಸಿಯಲ್ಲೇ ಇದೆಯಾ ಮೇಡಂ?

ಉಪ್ಪುಗಾಳಿ

4ನೇ ಸ್ಟೇಷನ್ ಒಂದು ಬಿಟ್ಟು.

ಹಳೆಲಂಗರು

ಇವತ್ತೇ ಕೂತು ಸರಿ ಮಾಡಿ. ಆ ಹೊತ್ತಿನ ಪಾಳಿಯವರಿಗೆ ಇನ್ನೂ ನೆನಪಿರುತ್ತದೆ.